ಮನೆಯಲ್ಲೇ ನ್ಯೊಕ್ಕಿ: ಮೊದಲು ಆಲೂಗಡ್ಡೆಯ ನೀರು ಓಡಿಸಿ

ನ್ಯೊಕ್ಕಿ ಅಂದರೆ ಆಲೂಗಡ್ಡೆ, ಮೈದಾ ಕಲಸಿ ಚಿಕ್ಕ ಚಿಕ್ಕ ತುಂಡು ಮಾಡಿ, ನೀರಿನಲ್ಲಿ ಬೇಯಿಸಿ ಸಾಸಿನ ಜೊತೆ ತಿನ್ನುವ ಇಟಲಿಯ ಅಡುಗೆ. ನಾನು ಮೊದಲ ಸಲ ಅದನ್ನು ಮಾಡಿದ್ದು ಇಟಲಿಯ ಟೊರಿನೊ ಊರಿನಲ್ಲಿ, ನಮ್ಮ ಬಾಡಿಗೆ ಮನೆಯ ಚಿಕ್ಕ ಅಡುಗೆಮನೆಯಲ್ಲಿ. ಆಲೂಗಡ್ಡೆ ಬೇಯಿಸಿ, ಹಿಸುಕಿ, ಮೈದಾ ಕಲಸಿ, ಸಣ್ಣ ಸಣ್ಣದಾಗಿ ಕತ್ತರಿಸಿ ಕುದಿಯುವ ನೀರಿಗೆ ಬಿಟ್ಟೆ. ಎರಡು ನಿಮಿಷ ಆದ ಮೇಲೆ ಸೌಟು ಹಾಕಿ ನೋಡಿದರೆ ಒಂದೂ ಸಿಗಲಿಲ್ಲ. ನೀರೆಲ್ಲ ಬೆಳ್ಳಗೆ ಗಂಜಿಯ ಹಾಗೆ ಆಗಿತ್ತು. ಮುಂದಿನ ವಾರ ಹೆದರಿಕೊಂಡು ಮೈದಾ ಜಾಸ್ತಿ ಹಾಕಿದೆ. ಈ ಸಲ ಒಡೆಯಲಿಲ್ಲ, ಆದರೆ ಅಗಿದು ಅಗಿದು ದವಡೆ ನೋವು ಬಂತು. ತುಂಬಾ ಬೇಜಾರಾಯಿತು. ಇಟಲಿಯಲ್ಲಿ ಕೂತು ಇಟಲಿಯವರ ದಿನನಿತ್ಯದ ಅಡುಗೆ ಬರಲಿಲ್ಲವಲ್ಲ ಅಂತ.

ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದರು. ನಾನು ಅವರನ್ನು ಸಿನ್ಯೋರಾ, ಅಂದರೆ ಅಮ್ಮಾವ್ರೇ, ಅಂತಲೇ ಕರೆಯುತ್ತಿದ್ದೆ. ಮೂರನೇ ಸಲ ಮಾಡುವಾಗ ಅವರನ್ನೇ ಮೇಲೆ ಕರೆದೆ. ಅವರು ನನ್ನ ಹಿಟ್ಟನ್ನು ಹೆಬ್ಬೆರಳಿನಿಂದ ಒಂದು ಸಲ ಒತ್ತಿದರು, ಬೆರಳಿಗೆ ಅಂಟಿದ್ದನ್ನು ತೋರಿಸಿದರು, ‘ಆಕ್ವಾ’ ಅಂದರು. ಅಂದರೆ ನೀರು. ತಪ್ಪು ಮೈದಾದ್ದಲ್ಲ, ಕುದಿಸಿದ್ದರದ್ದೂ ಅಲ್ಲ, ಆಲೂಗಡ್ಡೆಯೊಳಗೆ ಉಳಿದ ನೀರಿನದು. ನೀರು ಉಳಿದರೆ ಮೈದಾ ಜಾಸ್ತಿ ಬೇಕಾಗುತ್ತದೆ, ಮೈದಾ ಜಾಸ್ತಿಯಾದರೆ ಗಟ್ಟಿಯಾಗುತ್ತದೆ, ಮೈದಾ ಹಾಕದೆ ಬಿಟ್ಟರೆ ನೀರಿನಲ್ಲಿ ಕರಗಿಹೋಗುತ್ತದೆ. ಇದೊಂದು ತಲೆಗೆ ಹೋದ ಮೇಲೆ ನನಗೆ ನ್ಯೊಕ್ಕಿ ಕೆಟ್ಟದ್ದೇ ಇಲ್ಲ. ಕೆಳಗೆ ಬರೆದಿರುವ ಪ್ರತಿ ಹಂತವೂ ಆ ಒಂದು ಮಾತಿನ ಸುತ್ತಲೇ ಇದೆ.

ಹೆಸರಿನ ವಿಷಯ ಹೇಳಿ ಮುಂದೆ ಹೋಗುತ್ತೇನೆ. ಇಂಗ್ಲಿಷ್ ಅಕ್ಷರ ನೋಡಿ ಎಷ್ಟೋ ಜನ ‘ಗ್ನೋಚಿ’ ಅನ್ನುತ್ತಾರೆ. ಇಟಾಲಿಯನ್ನರು ಹೇಳುವಾಗ ಮೊದಲು ಬರುವುದು ನಮ್ಮ ವರ್ಣಮಾಲೆಯ ಞ. ಶಾಲೆಯಲ್ಲಿ ಬರೆದು ಕಲಿತು ಆಮೇಲೆ ಹೆಚ್ಚಾಗಿ ಎಲ್ಲೂ ಬಳಸದ ಆ ಅಕ್ಷರ ಇಲ್ಲಿ ಸರಿಯಾಗಿ ಕೂರುತ್ತದೆ: ಞೊಕ್ಕಿ. ಓದಲು ಸುಲಭ ಆಗಲಿ ಅಂತ ನಾನು ನ್ಯೊಕ್ಕಿ ಅಂತ ಬರೆಯುತ್ತಿದ್ದೇನೆ. ಒಂದಿದ್ದರೆ ನ್ಯೊಕ್ಕೊ, ಹಲವಿದ್ದರೆ ನ್ಯೊಕ್ಕಿ. ಇಟಲಿಯಲ್ಲಿ ಆಲೂಗಡ್ಡೆ ಬರುವ ಮೊದಲೂ ನ್ಯೊಕ್ಕಿ ಇತ್ತು, ಬರೀ ಹಿಟ್ಟು ನೀರಿನದು, ಒಣಗಿದ ಬ್ರೆಡ್ಡಿನದು, ರವೆಯದು. ರೋಮ್‌ನಲ್ಲಿ ‘ನ್ಯೊಕ್ಕಿ ಆಲ್ಲ ರೊಮಾನಾ’ ಕೇಳಿದರೆ ಇವತ್ತಿಗೂ ಹಾಲಿನಲ್ಲಿ ಬೇಯಿಸಿದ ರವೆಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಬೆಣ್ಣೆ ಚೀಸ್ ಹಾಕಿ ಓವನ್‌ನಲ್ಲಿ ಕೆಂಪಾಗಿಸಿ ಕೊಡುತ್ತಾರೆ, ಅದರಲ್ಲಿ ಆಲೂಗಡ್ಡೆ ಇರುವುದಿಲ್ಲ. ನಾನು ಹೇಳುತ್ತಿರುವುದು ಆಲೂಗಡ್ಡೆಯ ನ್ಯೊಕ್ಕಿ.

ಏನೇನು ಬೇಕು

ನಾಲ್ಕು ಜನಕ್ಕೆ ಹೊಟ್ಟೆ ತುಂಬ ಆಗಬೇಕು ಅಂದರೆ 1 ಕಿಲೋ ಆಲೂಗಡ್ಡೆ, 250 ಗ್ರಾಂ ಮೈದಾ, ಪಕ್ಕಕ್ಕೆ ಇನ್ನೂ 50 ಗ್ರಾಂ ಮೈದಾ, ಒಂದು ಚಮಚ ಉಪ್ಪು. ತಟ್ಟೆಗೆ ಉದುರಿಸಲು ಒಂದು ಹಿಡಿ ಚಿರೋಟಿ ರವೆ. ಇಷ್ಟವಿದ್ದರೆ ಚಿಟಿಕೆ ಜಾಯಿಕಾಯಿ ಪುಡಿ. ಮೊಟ್ಟೆ ಹಾಕುವವರು ಒಂದು ಮೊಟ್ಟೆ ಹಾಕಬಹುದು.

ಮೊಟ್ಟೆಯ ಬಗ್ಗೆ ಇಟಲಿಯಲ್ಲೇ ಎರಡು ಪಂಗಡ ಇದೆ. ಹಾಕಿದರೆ ಹಿಟ್ಟು ಚೆನ್ನಾಗಿ ಹಿಡಿದುಕೊಳ್ಳುತ್ತದೆ, ಮೊದಲ ಸಲ ಮಾಡುವವರಿಗೆ ಧೈರ್ಯ ಬರುತ್ತದೆ. ಹಾಕದಿದ್ದರೆ ನ್ಯೊಕ್ಕಿ ಇನ್ನೂ ಮೆತ್ತಗೆ, ಆಲೂಗಡ್ಡೆಯ ರುಚಿ ಜಾಸ್ತಿ. ಸಿನ್ಯೋರಾ ಹಾಕುತ್ತಿರಲಿಲ್ಲ, ನಾನೂ ಹಾಕುವುದಿಲ್ಲ. ಮೊಟ್ಟೆ ಅಂದರೆ ಅದೂ ಒಂದಿಷ್ಟು ನೀರೇ ಅಲ್ವಾ? ಆದ್ದರಿಂದ ಮೊಟ್ಟೆ ತಿನ್ನದ ಮನೆಯವರು ಏನೋ ಕಳೆದುಕೊಂಡೆವು ಅಂದುಕೊಳ್ಳಬೇಡಿ, ಮೊಟ್ಟೆಯಿಲ್ಲದ್ದೂ ಅಸಲಿ ನ್ಯೊಕ್ಕಿಯೇ.

ಮೈದಾ ಎಷ್ಟು ಅನ್ನುವುದಕ್ಕೆ ಇಟಾಲಿಯನ್ ಅಡುಗೆಯಲ್ಲಿ ‘ಕ್ವಾಂತೊ ಬಾಸ್ತಾ’ ಅಂತ ಒಂದು ಮಾತಿದೆ. ಬರೆಯುವಾಗ ಚಿಕ್ಕದಾಗಿ ಎರಡೇ ಅಕ್ಷರ ಹಾಕಿ ಬಿಡುತ್ತಾರೆ. ನಮ್ಮ ಅಜ್ಜಿ ಹೇಳುತ್ತಿದ್ದ ‘ಹಿಡಿಸುವಷ್ಟು’ ಇದೇ ತಾನೆ. ಆದರೆ ಕೈಗೆ ಹದ ಗೊತ್ತಾಗುವ ತನಕ ತೂಕವೇ ಒಳ್ಳೆಯದು: ಸಿಪ್ಪೆ ತೆಗೆದು ಒತ್ತಿದ ಆಲೂಗಡ್ಡೆಯನ್ನು ತೂಗಿ, ಪ್ರತಿ 100 ಗ್ರಾಂಗೆ 25 ಗ್ರಾಂ ಮೈದಾ. 30 ದಾಟಿತು ಅಂದರೆ ಎಲ್ಲೋ ನೀರು ಉಳಿದಿದೆ ಅಂತ ಅರ್ಥ. ಇಟಲಿಯ ಹೆಸರಾಂತ ಅಡುಗೆ ಪುಸ್ತಕದಲ್ಲಿ 1891ರಲ್ಲಿ ಪೆಲ್ಲೆಗ್ರಿನೊ ಆರ್ತುಸಿ ಬರೆದ ಅಳತೆ 400 ಗ್ರಾಂ ಆಲೂಗಡ್ಡೆಗೆ 150 ಗ್ರಾಂ ಹಿಟ್ಟು, ಅಂದರೆ ಈಗಿನವರಿಗಿಂತ ಜಾಸ್ತಿ. ಹಿಟ್ಟು ಕಡಿಮೆ ಹಾಕಿ, ಪಾತ್ರೆಯಲ್ಲಿ ಸೌಟು ಆಡಿಸಿದಾಗ ನ್ಯೊಕ್ಕಿಯೆಲ್ಲ ಮಾಯವಾಗಿದ್ದನ್ನು ನೋಡಿದ ಹೆಂಗಸಿನ ಕಥೆಯನ್ನೂ ಅವರು ಅಲ್ಲೇ ಹೇಳಿದ್ದಾರೆ. ಅದನ್ನು ಓದಿದ ದಿನ ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಅಷ್ಟು ಹಿಂದೆಯೂ, ಅವರದೇ ನೆಲದಲ್ಲೂ ಇದೇ ಆಗಿತ್ತಲ್ಲ ಅಂತ.

ಆಲೂಗಡ್ಡೆ ಆರಿಸುವುದು

ಇಲ್ಲಿ ಅವಸರ ಬೇಡ. ಬೇಕಾಗಿರುವುದು ಹಳೆಯ ಗಡ್ಡೆ. ಬೇಯಿಸಿದರೆ ಹಿಟ್ಟು ಹಿಟ್ಟಾಗಿ ಒಡೆಯುವಂಥದ್ದು, ಹೋಳು ಹೋಳಾಗಿ ಗಟ್ಟಿಯಾಗಿ ನಿಲ್ಲುವಂಥದ್ದಲ್ಲ. ಇಟಲಿಯ ಸಂತೆಯಲ್ಲಿ ನ್ಯೊಕ್ಕಿಗೆ ಅಂತ ಕೇಳಿದರೆ ಅಂಗಡಿಯವರೇ ಹಳೆಯದನ್ನು ಆರಿಸಿ ಕೊಡುತ್ತಾರೆ. ನಮ್ಮಲ್ಲಿ ನಾವೇ ಆರಿಸಬೇಕು. ಹಾಸನದ ಕಡೆಯ ಮುಂಗಾರು ಬೆಳೆ ಬಂದಾಗ ಹೊಸ ಗಡ್ಡೆ ಸಿಗುತ್ತದಲ್ಲ, ಉಗುರಲ್ಲಿ ಕೆರೆದರೆ ಸಿಪ್ಪೆ ಕೈಗೆ ಬರುತ್ತದೆ, ಅದು ಪಲ್ಯಕ್ಕೆ ಬಹಳ ಚೆನ್ನ, ಇದಕ್ಕೆ ಬೇಡ. ಸಿಪ್ಪೆ ಒರಟಾಗಿ ದಪ್ಪಗಿರುವುದು, ಕೈಯಲ್ಲಿ ಹಿಡಿದರೆ ಭಾರ ಅನ್ನಿಸುವುದು, ಒತ್ತಿದರೆ ಗಟ್ಟಿಯಾಗಿರುವುದು ನೋಡಿ ತನ್ನಿ. ಹಸಿರಾಗಿರುವುದು, ಉದ್ದ ಮೊಳಕೆ ಬಂದಿರುವುದು ಯಾವ ಅಡುಗೆಗೂ ಬೇಡ.

ಅನುಮಾನ ಇದ್ದರೆ ಒಂದು ಪರೀಕ್ಷೆ ಇದೆ. ಒಂದು ಲೀಟರ್ ನೀರಿಗೆ ಸುಮಾರು 90 ಗ್ರಾಂ ಉಪ್ಪು ಕರಗಿಸಿ ಗಡ್ಡೆ ಬಿಡಿ. ಮುಳುಗಿದರೆ ಅದರಲ್ಲಿ ಪಿಷ್ಟ ಜಾಸ್ತಿ, ನ್ಯೊಕ್ಕಿಗೆ ಆಗುತ್ತದೆ. ತೇಲಿದರೆ ನೀರು ಜಾಸ್ತಿ, ಸಾಗುವಿಗೆ ಇಟ್ಟುಕೊಳ್ಳಿ. ಒಂದೇ ಚೀಲದಲ್ಲಿ ಎರಡೂ ಥರದ್ದು ಇರುವುದನ್ನು ನೋಡಿದ್ದೇನೆ.

ಎಲ್ಲ ಒಂದೇ ಗಾತ್ರದ್ದು ಇರಲಿ, ಇಲ್ಲದಿದ್ದರೆ ಸಣ್ಣದು ಬೆಂದು ಒಡೆದು ನೀರು ಕುಡಿಯುವ ಹೊತ್ತಿಗೆ ದೊಡ್ಡದರ ನಡುವೆ ಇನ್ನೂ ಗಟ್ಟಿ. ತಂದದ್ದನ್ನು ಫ್ರಿಜ್‌ನಲ್ಲಿ ಇಡಬೇಡಿ. ತಣ್ಣಗೆ ಇಟ್ಟರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ, ಗಡ್ಡೆ ಸಿಹಿಯಾಗುತ್ತದೆ. ಬುಟ್ಟಿಯಲ್ಲಿ, ಕತ್ತಲೆಯಲ್ಲಿ, ಗಾಳಿಯಾಡುವಲ್ಲಿ ಇಡಿ.

ಬೇಯಿಸುವುದು

ಸಿಪ್ಪೆ ಸಮೇತ, ಇಡಿಯಾಗಿ. ಸಿಪ್ಪೆ ತೆಗೆದು ಹೆಚ್ಚಿ ಬೇಯಿಸಿದರೆ ಬೇಗ ಆಗುತ್ತದೆ ನಿಜ, ಆದರೆ ಕತ್ತರಿಸಿದ ಪ್ರತಿ ಮೈಯಿಂದಲೂ ನೀರು ಒಳಗೆ ಹೋಗುತ್ತದೆ. ಇಟಲಿಯಲ್ಲಿ ತಣ್ಣೀರಿನಲ್ಲಿ ಇಟ್ಟು, ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ, ಗಾತ್ರ ನೋಡಿಕೊಂಡು 30ರಿಂದ 40 ನಿಮಿಷ ಬೇಯಿಸುತ್ತಾರೆ. ನನಗೆ ನಮ್ಮ ಇಡ್ಲಿ ಪಾತ್ರೆಯೇ ಇನ್ನೂ ಹಿಡಿಸಿತು. ಕಡುಬಿಗೆ ಇಡುವ ಹಾಗೆ ತಳದಲ್ಲಿ ನೀರು, ಮೇಲೆ ತೂತಿನ ತಟ್ಟೆ, ಅದರ ಮೇಲೆ ಆಲೂಗಡ್ಡೆ. ಬರೀ ಹಬೆಯಲ್ಲಿ 40 ನಿಮಿಷ. ಗಡ್ಡೆಗೆ ನೀರು ಮುಟ್ಟುವುದೇ ಇಲ್ಲ.

ಕುಕ್ಕರ್‌ನಲ್ಲಿ ನೀರಿನೊಳಗೆ ಮುಳುಗಿಸಿ ನಾಲ್ಕು ವಿಷಲ್ ಕೂಗಿಸುವುದನ್ನು ಮಾತ್ರ ದಯವಿಟ್ಟು ಮಾಡಬೇಡಿ. ಸಿಪ್ಪೆ ಸೀಳಿ ಒಳಗೆಲ್ಲ ನೀರಾಗುತ್ತದೆ, ಆಮೇಲೆ ಎಷ್ಟು ಮೈದಾ ಹಾಕಿದರೂ ಸಾಲುವುದಿಲ್ಲ. ಓವನ್ ಇದ್ದವರು ತಟ್ಟೆಯಲ್ಲಿ ಕಲ್ಲುಪ್ಪು ಹರಡಿ ಅದರ ಮೇಲೆ ಗಡ್ಡೆ ಇಟ್ಟು 200 ಡಿಗ್ರಿಯಲ್ಲಿ ಒಂದು ಗಂಟೆ ಸುಡಬಹುದು. ಎಲ್ಲಕ್ಕಿಂತ ಒಣಗಿರುವ ಆಲೂಗಡ್ಡೆ ಸಿಗುವುದು ಹೀಗೆ. ಗ್ಯಾಸು ಕರೆಂಟಿನ ಲೆಕ್ಕ ಹಾಕಿದರೆ ದಿನಾ ಮಾಡುವಂಥದ್ದಲ್ಲ.

ಬೆಂದಿದೆಯಾ ಅಂತ ಪದೇ ಪದೇ ಚುಚ್ಚಬೇಡಿ, ಚುಚ್ಚಿದ ತೂತೆಲ್ಲ ನೀರಿಗೆ ದಾರಿ. 35 ನಿಮಿಷ ಆದ ಮೇಲೆ ಒಂದೇ ಒಂದು ಗಡ್ಡೆಗೆ ತೆಳು ಚಾಕು ಹಾಕಿ, ತಡೆಯಿಲ್ಲದೆ ನಡುವಿನ ತನಕ ಹೋದರೆ ಸಾಕು.

ಬಿಸಿಯಲ್ಲೇ ಒತ್ತುವುದು

ಇದು ಇಡೀ ಕೆಲಸದ ಮುಖ್ಯ ಜಾಗ. ತಣ್ಣಗಾಗಲು ಬಿಡಬೇಡಿ. ಗಡ್ಡೆಯನ್ನು ಫೋರ್ಕಿಗೆ ಚುಚ್ಚಿ ಹಿಡಿದು, ಇಲ್ಲವೇ ಬಟ್ಟೆಯಲ್ಲಿ ಹಿಡಿದು ಬಿಸಿಬಿಸಿಯಲ್ಲೇ ಸಿಪ್ಪೆ ತೆಗೆಯಿರಿ. ತಕ್ಷಣ ಒತ್ತಿ. ಇಟಲಿಯ ಮನೆಗಳಲ್ಲಿ ಇದಕ್ಕೆ ಅಂತ ‘ಸ್ಕ್ಯಾಚ್ಚಾಪತಾತೆ’ ಅನ್ನುವ ಒತ್ತುವ ಸಾಧನ ಇರುತ್ತದೆ. ನಾನು ಅದನ್ನು ಮೊದಲ ಸಲ ನೋಡಿದಾಗ ಅಂದುಕೊಂಡದ್ದು, ಅರೆ, ಇದು ನಮ್ಮ ಶಾವಿಗೆ ಒರಳೇ! ಬೆಂಗಳೂರಿಗೆ ವಾಪಸ್ಸು ಬಂದ ಮೇಲೆ ನಾನು ಬಳಸುತ್ತಿರುವುದು ಅಮ್ಮನ ಶಾವಿಗೆ ಒರಳನ್ನೇ, ಚಕ್ಕುಲಿ ಬಿಲ್ಲೆ ತೆಗೆದು ಶಾವಿಗೆ ಬಿಲ್ಲೆ ಹಾಕಿ. ಎಷ್ಟು ಚೆನ್ನಾಗಿ ಇಳಿಯುತ್ತದೆ ಅಂದರೆ ಒಂದು ಗಂಟೂ ಉಳಿಯುವುದಿಲ್ಲ. ಹಿತ್ತಾಳೆಯದಾದರೆ ಮೈ ಸುಡುತ್ತದೆ, ಬಟ್ಟೆ ಹಿಡಿದುಕೊಳ್ಳಿ.

ಒರಳು ಇಲ್ಲದಿದ್ದರೆ ಕಣ್ಣು ದೊಡ್ಡದಿರುವ ಸ್ಟೀಲ್ ಜರಡಿಯ ಮೇಲಿಟ್ಟು ಚಮಚದ ಹಿಂಬದಿಯಿಂದ ಒತ್ತಿ, ಅಥವಾ ತುರಿಮಣೆಯಲ್ಲಿ ತುರಿಯಿರಿ. ಮಿಕ್ಸಿಗೆ ಮಾತ್ರ ಹಾಕಬೇಡಿ. ಬ್ಲೇಡಿನ ಏಟಿಗೆ ಬೆಂದ ಆಲೂಗಡ್ಡೆಯ ಕಣಗಳು ಒಡೆದು ಪಿಷ್ಟವೆಲ್ಲ ಹೊರಗೆ ಬರುತ್ತದೆ. ಅರ್ಧ ನಿಮಿಷದಲ್ಲಿ ಗೋಂದಾಗುತ್ತದೆ. ಅದನ್ನು ಮತ್ತೆ ಸರಿ ಮಾಡಲು ದಾರಿಯೇ ಇಲ್ಲ.

ಒತ್ತಿದ್ದನ್ನು ಪಾತ್ರೆಯಲ್ಲಿ ರಾಶಿ ಹಾಕಬೇಡಿ. ಅಗಲವಾದ ಮರದ ಹಲಗೆಯ ಮೇಲೆ, ಇಲ್ಲದಿದ್ದರೆ ಅಗಲ ತಟ್ಟೆಯ ಮೇಲೆ ಒಣ ಬಟ್ಟೆ ಹಾಸಿ ಅದರ ಮೇಲೆ, ತೆಳ್ಳಗೆ ಉದುರುದುರಾಗಿ ಹರಡಿ. ಹತ್ತು ನಿಮಿಷ ಮುಟ್ಟಬೇಡಿ. ಅವತ್ತು ಟೊರಿನೊದಲ್ಲಿ ಚಳಿಗಾಲ. ಹಲಗೆಯ ಮೇಲಿಂದ ಹಬೆ ಏಳುತ್ತಿತ್ತು, ಹಲಗೆ ಪಕ್ಕದ ಕಿಟಕಿಯ ಗಾಜು ನಿಧಾನಕ್ಕೆ ಮಸುಕಾಗಿ ಕೊನೆಗೆ ಹನಿ ಇಳಿಯಲು ಶುರುವಾಯಿತು. ಸಿನ್ಯೋರಾ ಆ ಹನಿಯನ್ನು ಬೆರಳಲ್ಲಿ ಒರೆಸಿ ನನಗೆ ತೋರಿಸಿದರು. ಹೋದ ವಾರ ಇದೆಲ್ಲ ನಿನ್ನ ಹಿಟ್ಟಿನೊಳಗೆ ಇತ್ತು ಅಂದರು. ಇವತ್ತಿಗೂ ಆಲೂಗಡ್ಡೆ ಹರಡಿದಾಗ ನಾನು ಆ ಹಬೆ ನಿಲ್ಲುವುದನ್ನೇ ಕಾಯುತ್ತೇನೆ, ಗಡಿಯಾರ ನೋಡುವುದಿಲ್ಲ.

ಕಲಸುವುದು, ನಾದುವುದಲ್ಲ

ಹಬೆ ನಿಂತು, ಮುಟ್ಟಿದರೆ ಬೆಚ್ಚಗಿದೆ ಅನ್ನಿಸುವಾಗ ಉಪ್ಪು, ಜಾಯಿಕಾಯಿ ಉದುರಿಸಿ. ಮೊಟ್ಟೆ ಹಾಕುವವರು ಈಗ ಹಾಕಿ, ಸುಡುವ ಬಿಸಿಯಲ್ಲಿ ಹಾಕಿದರೆ ಮೊಟ್ಟೆ ಬೆಂದು ಎಳೆ ಎಳೆಯಾಗುತ್ತದೆ. ಮೈದಾದಲ್ಲಿ ಮುಕ್ಕಾಲು ಭಾಗವನ್ನು ಜರಡಿ ಹಿಡಿದು ಮೇಲೆಲ್ಲ ಸಮನಾಗಿ ಬೀಳಿಸಿ.

ಈಗ ಚಪಾತಿ ಹಿಟ್ಟು ಕಲಸಿದ ಕೈಗಳಿಗೆ ಸ್ವಲ್ಪ ಕಷ್ಟ, ಯಾಕೆಂದರೆ ಅಂಗೈ ತಾನಾಗಿ ನಾದಲು ಹೋಗುತ್ತದೆ. ತಡೆಯಿರಿ. ನಾದಿದಷ್ಟೂ ಮೈದಾದ ಜಿಗುಟು ಬೆಳೆದು ನ್ಯೊಕ್ಕಿ ರಬ್ಬರಾಗುತ್ತದೆ. ದೋಸೆ ಮಗುಚುವ ಕೈ ತೆಗೆದುಕೊಂಡು ಆಲೂಗಡ್ಡೆಯನ್ನು ಮೈದಾದೊಂದಿಗೆ ಕೊಚ್ಚುವ ಹಾಗೆ ಮೇಲಿಂದ ಕೆಳಗೆ ಕತ್ತರಿಸುತ್ತಾ ಹೋಗಿ. ಪುಡಿ ಪುಡಿಯಾಗಿ ಬೆರೆತ ಮೇಲೆ ಕೈಯಲ್ಲಿ ಒಟ್ಟುಗೂಡಿಸಿ, ಒತ್ತಿ, ಮಡಿಸಿ, ಮತ್ತೆ ಒತ್ತಿ. ಎಂಟು ಹತ್ತು ಸಲ ಅಷ್ಟೇ. ಒಂದು ನಿಮಿಷ, ಹೆಚ್ಚೆಂದರೆ ಎರಡು.

ಹದ ಹೇಗಿರಬೇಕು? ಹೋಳಿಗೆಗೆ ಹೂರಣದ ಉಂಡೆ ಕಟ್ಟುತ್ತೇವಲ್ಲ, ಅಷ್ಟು ಮೆತ್ತಗೆ. ಬೆರಳಿಗೆ ಒಂಚೂರು ಅಂಟಿದ ಹಾಗೆ ಅನ್ನಿಸಬೇಕು, ಆದರೆ ಹಿಡಿದುಕೊಳ್ಳಬಾರದು. ತುಂಬಾ ಅಂಟಿದರೆ ಉಳಿದ ಮೈದಾವನ್ನು ಒಂದೊಂದೇ ಚಮಚ ಹಾಕಿ. ಪೂರ್ತಿ ನುಣ್ಣಗೆ ಹೊಳೆಯುವ ತನಕ ಹೋದಿರಿ ಅಂದರೆ ಆಗಲೇ ಜಾಸ್ತಿ ಆಗಿದೆ.

ಚಪಾತಿ ಹಿಟ್ಟಿನ ಹಾಗೆ ಮುಚ್ಚಿಟ್ಟು ನೆನೆಯಲು ಬಿಡುವುದೂ ಬೇಡ. ಆಲೂಗಡ್ಡೆ ನೀರು ಬಿಡುತ್ತಲೇ ಇರುತ್ತದೆ. ಅರ್ಧ ಗಂಟೆ ಬಿಟ್ಟರೆ ಒಳ್ಳೆಯ ಹದದಲ್ಲಿದ್ದದ್ದು ಮತ್ತೆ ಅಂಟಂಟು.

ಎಲ್ಲ ಹೊಸೆಯುವ ಮೊದಲು ಎರಡು ಚೂರು ಕತ್ತರಿಸಿ ಸಣ್ಣ ಪಾತ್ರೆಯಲ್ಲಿ ಕುದಿಸಿ ನೋಡಿ. ಇದನ್ನು ಬಿಡಲೇಬೇಡಿ. ಒಡೆದರೆ ಹಿಟ್ಟಿಗೆ ಎರಡು ಚಮಚ ಮೈದಾ ಸೇರಿಸಿ ಮತ್ತೊಮ್ಮೆ ನೋಡಿ. ಒಡೆಯದೆ, ನಾಲಿಗೆಯಲ್ಲಿ ಒತ್ತಿದರೆ ಕುಸಿದರೆ, ಮುಗಿಯಿತು, ಮುಂದೆ ಹೋಗಿ. ಗಟ್ಟಿ ಅನ್ನಿಸಿದರೆ ಹಾಕಿದ ಮೈದಾ ವಾಪಸ್ಸು ತೆಗೆಯಲಾಗುವುದಿಲ್ಲ. ಅವತ್ತು ಟೊಮೆಟೊ ಸಾಸು ಸ್ವಲ್ಪ ಜಾಸ್ತಿ ಮಾಡಿ, ನ್ಯೊಕ್ಕಿಯನ್ನು ಚಿಕ್ಕದಾಗಿ ಕತ್ತರಿಸಿ, ಚೆನ್ನಾಗಿಯೇ ತಿನ್ನಬಹುದು.

ಹೊಸೆದು ಕತ್ತರಿಸುವುದು

ಹಿಟ್ಟನ್ನು ಆರು ಭಾಗ ಮಾಡಿ. ಮಣೆಗೆ ತೆಳ್ಳಗೆ ಮೈದಾ ಉದುರಿಸಿ, ಒಂದೊಂದನ್ನೇ ಎರಡೂ ಅಂಗೈಯಲ್ಲಿ ನಡುವಿನಿಂದ ಹೊರಗೆ ಹೊಸೆಯುತ್ತಾ ಹೆಬ್ಬೆರಳ ದಪ್ಪದ ಉದ್ದ ಕೋಲು ಮಾಡಿ. ಕೋಡುಬಳೆ ಹೊಸೆಯುವ ಅದೇ ಕೈಚಳಕ, ಇನ್ನೂ ಸ್ವಲ್ಪ ಹಗುರವಾಗಿ. ಚಾಕುವಿನಿಂದ ಎರಡು ಸೆಂಟಿಮೀಟರ್‌ಗೆ ಒಂದರಂತೆ ಕತ್ತರಿಸಿ. ಇಷ್ಟಕ್ಕೇ ನಿಲ್ಲಿಸಿದರೂ ಅದು ನ್ಯೊಕ್ಕಿಯೇ, ಎಷ್ಟೋ ಮನೆಗಳಲ್ಲಿ ಹೀಗೇ ಬೇಯಿಸುತ್ತಾರೆ.

ಗೀರು ಬೇಕು ಅಂದರೆ ಫೋರ್ಕನ್ನು ಬೋರಲಾಗಿ ಮಣೆಗೆ ಒರಗಿಸಿ ಹಿಡಿದು, ಚೂರನ್ನು ಹಲ್ಲುಗಳ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತುತ್ತಾ ಕೆಳಕ್ಕೆ ಜಾರಿಸಿ. ಒಂದು ಬದಿಯಲ್ಲಿ ಗೀರು ಬೀಳುತ್ತದೆ, ಇನ್ನೊಂದು ಬದಿಯಲ್ಲಿ ಹೆಬ್ಬೆರಳಿನ ಗುಳಿ. ಗೀರಿನಲ್ಲಿ ಸಾಸು ಹಿಡಿಯುತ್ತದೆ, ಗುಳಿಯಿಂದ ನಡುಭಾಗ ತೆಳ್ಳಗಾಗಿ ಒಂದೇ ಸಮನೆ ಬೇಯುತ್ತದೆ. ಮೊದಲ ಹತ್ತು ಸೊಟ್ಟಪಟ್ಟ ಬರುತ್ತವೆ, ಬರಲಿ ಬಿಡಿ. ಮದುವೆಗೆ ಪರಡಿ, ಗವಲಿ ಹೊಸೆದು ಅಭ್ಯಾಸ ಇರುವ ಉತ್ತರ ಕರ್ನಾಟಕದ ಹೆಂಗಸರಿಗೆ ಇದನ್ನು ಹೇಳಿಕೊಡುವುದೇ ಬೇಡ. ಧಾರವಾಡದ ನನ್ನ ಗೆಳತಿಯ ಅತ್ತೆ ಒಂದು ಸಲ ನೋಡಿ, ಮಾತಾಡುತ್ತಾ ಮಾತಾಡುತ್ತಾ ಒಂದು ತಟ್ಟೆ ತುಂಬಿಸಿಟ್ಟರು, ಎಲ್ಲ ಒಂದೇ ಅಳತೆ.

ಆದದ್ದನ್ನು ಚಿರೋಟಿ ರವೆ ಉದುರಿಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಇಡಿ. ಒಂದರ ಮೇಲೊಂದು ಹಾಕಿದರೆ ಅಂಟಿಕೊಂಡು ಮತ್ತೆ ಒಂದೇ ಮುದ್ದೆ ಆಗುತ್ತದೆ. ರವೆ ಯಾಕೆಂದರೆ, ಮೈದಾದ ಹಾಗೆ ಅದು ಹಿಟ್ಟಿನೊಳಗೆ ಸೇರಿಕೊಳ್ಳುವುದಿಲ್ಲ, ನೀರಿಗೆ ಬಿಟ್ಟಾಗ ಉದುರಿ ಹೋಗುತ್ತದೆ.

ನೀರಿಗೆ ಬಿಡುವ ಮೊದಲು ಸಾಸು

ನ್ಯೊಕ್ಕಿ ಬೇಯಲು ಮೂರು ನಿಮಿಷ ಕೂಡ ಬೇಡ, ಆಮೇಲೆ ಅದು ಕಾಯುವುದಿಲ್ಲ. ಆದ್ದರಿಂದ ಸಾಸು ಮೊದಲೇ ಸಿದ್ಧ ಇರಬೇಕು.

ನನಗೆ ಎಲ್ಲಕ್ಕಿಂತ ಇಷ್ಟ ಬೆಣ್ಣೆ ಮತ್ತು ಸೇಜ್ ಅನ್ನುವ ಪರಿಮಳದ ಎಲೆಯದು. ನಾಲ್ಕು ಜನಕ್ಕೆ 80 ಗ್ರಾಂ ಬೆಣ್ಣೆಯನ್ನು ಸಣ್ಣ ಉರಿಯಲ್ಲಿ ಕರಗಿಸಿ, ಹತ್ತು ಹನ್ನೆರಡು ಸೇಜ್ ಎಲೆ ಹಾಕಿ. ನೊರೆ ಬರುತ್ತದೆ, ನೊರೆ ಇಳಿಯುತ್ತದೆ, ತುಪ್ಪ ಕಾಯಿಸುವಾಗ ತಳದ ಗಸಿ ಹೊಂಬಣ್ಣಕ್ಕೆ ತಿರುಗಿ ಘಮ್ಮೆನ್ನುವ ಹೊತ್ತು ಬರುತ್ತದಲ್ಲ, ಅಲ್ಲಿಗೆ ಉರಿ ಆರಿಸಿ. ತುಪ್ಪ ಕಾಯಿಸಿ ಗೊತ್ತಿರುವವರ ಕೈಯಲ್ಲಿ ಈ ಸಾಸು ಕೆಡುವುದೇ ಇಲ್ಲ. ಬೆಂಗಳೂರಿನಲ್ಲಿ ಹಸಿ ಸೇಜ್ ಕೆಲವು ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ, ಒಣಗಿದ ಪುಡಿ ಇದಕ್ಕೆ ಹೊಂದುವುದಿಲ್ಲ. ಸಿಗದ ದಿನ ಬೇರೆ ಸಾಸು ಮಾಡಿ.

ಎರಡನೆಯದು ಟೊಮೆಟೊ. ಹುಳಿ ಕಡಿಮೆ ಇರುವ, ಚೆನ್ನಾಗಿ ಹಣ್ಣಾದ 700 ಗ್ರಾಂ ಟೊಮೆಟೊವನ್ನು ಬಿಸಿನೀರಿಗೆ ಹಾಕಿ ಸಿಪ್ಪೆ ತೆಗೆದು ಹಿಚುಕಿ. ಮೂರು ಚಮಚ ಆಲಿವ್ ಎಣ್ಣೆಯಲ್ಲಿ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ, ಘಮ ಬಂದ ಕೂಡಲೇ ಟೊಮೆಟೊ, ಉಪ್ಪು. ಇಪ್ಪತ್ತು ನಿಮಿಷ ಸಣ್ಣ ಉರಿ. ಒಗ್ಗರಣೆ, ಖಾರದಪುಡಿ ಏನೂ ಬೇಡ. ಕೊನೆಗೆ ಬೇಸಿಲ್ ಎಲೆ. ನಮ್ಮ ಕಾಮಕಸ್ತೂರಿ ಅದೇ ಗಿಡದ ಜಾತಿ, ಪರಿಮಳ ಸ್ವಲ್ಪ ಬೇರೆ, ಮನೆಯಲ್ಲಿ ಇದ್ದರೆ ಧಾರಾಳವಾಗಿ ಹಾಕಿ. ಇದೇ ಸಾಸಿನಲ್ಲಿ ಬೆಂದ ನ್ಯೊಕ್ಕಿ ಹೊರಳಿಸಿ, ಮೊಝರೆಲ್ಲಾ ಚೀಸಿನ ತುಂಡು ಹಾಕಿ, ಮೇಲೆ ಪಾರ್ಮೆಸಾನ್ ತುರಿದು 220 ಡಿಗ್ರಿ ಓವನ್‌ನಲ್ಲಿ ಹತ್ತು ನಿಮಿಷ ಇಟ್ಟರೆ ಅದು ‘ನ್ಯೊಕ್ಕಿ ಆಲ್ಲ ಸೊರೆಂತೀನಾ’. ನೇಪಲ್ಸ್ ಹತ್ತಿರದ ಸೊರೆಂತೊ ಊರಿನ ಹೆಸರು. ಅಲ್ಲಿ ಚಿಕ್ಕ ಚಿಕ್ಕ ಮಣ್ಣಿನ ಕುಡಿಕೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಾರೆ, ಚೀಸು ಇನ್ನೂ ಕುದಿಯುತ್ತಿರುತ್ತದೆ. ಮೊಝರೆಲ್ಲಾ ಹೆಚ್ಚಿ ಒಂದು ಗಂಟೆ ಜರಡಿಯಲ್ಲಿ ಇಟ್ಟು ನೀರು ಸೋರಿಸಿ, ಇಲ್ಲದಿದ್ದರೆ ಕುಡಿಕೆಯ ತಳದಲ್ಲಿ ನೀರು ನಿಲ್ಲುತ್ತದೆ.

ಆಲ್ಪ್ಸ್ ಬೆಟ್ಟದ ವಾಲೆ ದಾಓಸ್ತಾ ಕಡೆಯವರು ಫೊಂತೀನಾ ಚೀಸನ್ನು ಕೆನೆಯಲ್ಲಿ ಕರಗಿಸಿ ಹಾಕುತ್ತಾರೆ, ಎತ್ತಿದರೆ ಎಳೆ ಎಳೆ ಬರುತ್ತದೆ. ಜೆನೋವಾ ಕಡೆ ಪೆಸ್ತೊ, ಅಂದರೆ ಬೇಸಿಲ್ ಎಲೆ, ಚೀಸು, ಆಲಿವ್ ಎಣ್ಣೆ ಸೇರಿಸಿ ಅರೆದ ಹಸಿ ಚಟ್ನಿ. ಪೆಸ್ತೊ ಬಿಸಿ ಮಾಡಬಾರದು, ನ್ಯೊಕ್ಕಿ ಬೆಂದ ನೀರು ಎರಡು ಚಮಚ ಹಾಕಿ ತೆಳ್ಳಗೆ ಮಾಡಿದರೆ ಸಾಕು.

ಸಸ್ಯಾಹಾರಿಗಳಿಗೆ ಒಂದು ಮಾತು. ಇಟಲಿಯ ಅಸಲಿ ಪಾರ್ಮೆಸಾನ್ ಚೀಸಿನಲ್ಲಿ ಹಾಲು ಒಡೆಯಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಎಷ್ಟೋ ತಿಂಗಳು ಗೊತ್ತಿಲ್ಲದೆ ತಿಂದೆ, ಮನಸ್ಸಿಗೆ ಕಷ್ಟವಾಯಿತು. ಇಲ್ಲಿ ಕೊಳ್ಳುವಾಗ ಪೊಟ್ಟಣದ ಮೇಲೆ ಹಸಿರು ಚುಕ್ಕೆ ನೋಡಿ ತೆಗೆದುಕೊಳ್ಳಿ.

ಬೇಯಿಸಿ ಬಡಿಸುವುದು

ದೊಡ್ಡ ಪಾತ್ರೆ, ತುಂಬಾ ನೀರು, ಲೀಟರಿಗೆ 10 ಗ್ರಾಂ ಉಪ್ಪು. ನೀರು ಕುದಿ ಬಂದ ಮೇಲೆ ಉರಿ ಸ್ವಲ್ಪ ತಗ್ಗಿಸಿ, ಕೊತಕೊತ ಕುದಿಯುವ ನೀರಿನ ಹೊಡೆತಕ್ಕೆ ಮೆತ್ತಗಿನದು ಒಡೆಯುತ್ತದೆ. ಒಂದು ಸಲಕ್ಕೆ ಇಪ್ಪತ್ತೈದು ಮೂವತ್ತು ಮಾತ್ರ. ಜಾಸ್ತಿ ಹಾಕಿದರೆ ನೀರು ತಣ್ಣಗಾಗಿ ಎಲ್ಲ ತಳದಲ್ಲಿ ಕೂತು ಅಂಟಿಕೊಳ್ಳುತ್ತವೆ. ಹಾಕಿದ ಮೇಲೆ ಒಂದೇ ಸಲ ಮೃದುವಾಗಿ ಆಡಿಸಿ. ಮುಳುಗಿದ್ದವು ಒಂದೊಂದಾಗಿ ಮೇಲೆ ಬರುತ್ತವೆ. ಎಲ್ಲ ತೇಲಿದ ಮೇಲೆ ಮನಸ್ಸಿನಲ್ಲಿ ಇಪ್ಪತ್ತು ಎಣಿಸಿ, ಬೋಂಡ ತೆಗೆಯುವ ಜಾಲರಿಯಲ್ಲಿ ಎತ್ತಿ, ನೀರು ಸೋರಿಸಿ, ನೇರವಾಗಿ ಸಾಸಿನ ಬಾಣಲೆಗೆ. ಅನ್ನ ಬಸಿಯುವ ಹಾಗೆ ಪಾತ್ರೆ ಬಗ್ಗಿಸಿ ಬಸಿಯಬೇಡಿ, ಒಂದರ ಮೇಲೊಂದು ಬಿದ್ದು ಜಜ್ಜಿಹೋಗುತ್ತವೆ. ಸಾಸಿನಲ್ಲೂ ಸೌಟು ಆಡಿಸದೆ ಬಾಣಲೆಯನ್ನೇ ಕುಲುಕಿ.

ಎಲ್ಲರೂ ಕೂತ ಮೇಲೆ ನ್ಯೊಕ್ಕಿ ನೀರಿಗೆ ಬಿಡಿ, ಮೊದಲೇ ಬೇಯಿಸಿಟ್ಟು ಕರೆಯಬೇಡಿ. ತಟ್ಟೆಗಳನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಇಟಲಿಯಲ್ಲಿ ಇದು ‘ಪ್ರೀಮೊ’, ಅಂದರೆ ಊಟದ ಮೊದಲ ಸುತ್ತು, ಪಕ್ಕಕ್ಕೆ ಏನನ್ನೂ ಬಡಿಸುವುದಿಲ್ಲ. ಮನೆಯಲ್ಲಿ ಇದನ್ನೇ ಊಟ ಮಾಡುವುದಾದರೆ ಒಬ್ಬರಿಗೆ 250ರಿಂದ 300 ಗ್ರಾಂ ಹಸಿ ನ್ಯೊಕ್ಕಿ, ಜೊತೆಗೆ ಎಣ್ಣೆ ನಿಂಬೆರಸ ಹಾಕಿದ ಹಸಿ ಸೊಪ್ಪು ತರಕಾರಿ.

ಯಾವತ್ತು ಮಾಡುತ್ತಾರೆ ಅನ್ನುವುದೂ ಚೆನ್ನಾಗಿದೆ. ರೋಮ್‌ನಲ್ಲಿ ‘ಗುರುವಾರ ನ್ಯೊಕ್ಕಿ’ ಅನ್ನುವ ಮಾತೇ ಇದೆ. ಹಿಂದೆ ಅಲ್ಲಿನ ಕ್ಯಾಥೊಲಿಕ್ ಕ್ರೈಸ್ತರಿಗೆ ಶುಕ್ರವಾರ ಮಾಂಸ ಬಿಡುವ ದಿನ, ಅದಕ್ಕೆ ಹಿಂದಿನ ದಿನ ಹೊಟ್ಟೆ ತುಂಬ ಉಣ್ಣುತ್ತಿದ್ದರು. ವೆರೋನಾದಲ್ಲಿ ಕಾರ್ನಿವಲ್ ಹಬ್ಬದ ಶುಕ್ರವಾರ ‘ಪಪಾ ದೆಲ್ ನ್ಯೊಕೊ’ ಅನ್ನುವ ಬಿಳಿ ಗಡ್ಡದ ವೇಷದವರು ರಾಜದಂಡದ ಹಾಗೆ ದೊಡ್ಡ ಫೋರ್ಕು, ಅದರ ತುದಿಗೆ ದೊಡ್ಡ ನ್ಯೊಕ್ಕೊ ಹಿಡಿದು ಮೆರವಣಿಗೆ ಹೋಗುತ್ತಾರೆ. 1531ರ ಸುಮಾರಿಗೆ ಊರಿಗೆ ಬರ ಬಂದಾಗ ತೊಮ್ಮಾಸೊ ದ ವೀಕೊ ಅನ್ನುವವರು ಬಡವರಿಗೆ ಹಿಟ್ಟು ಹಂಚಿದರು, ಅದರ ನೆನಪಿಗೆ ಇದು ಅಂತ ಊರವರು ಹೇಳುತ್ತಾರೆ. ಇಟಲಿಯಿಂದ ಅರ್ಜೆಂಟೀನಾಕ್ಕೆ ವಲಸೆ ಹೋದವರ ಮಕ್ಕಳು ಮೊಮ್ಮಕ್ಕಳು ಪ್ರತಿ ತಿಂಗಳ 29ಕ್ಕೆ ನ್ಯೊಕ್ಕಿ ಮಾಡಿ, ತಟ್ಟೆಯ ಕೆಳಗೆ ಒಂದು ನೋಟು ಇಲ್ಲವೇ ನಾಣ್ಯ ಇಟ್ಟು ಉಣ್ಣುತ್ತಾರೆ, ಮುಂದಿನ ತಿಂಗಳು ಕೈಯಲ್ಲಿ ದುಡ್ಡು ಆಡಲಿ ಅಂತ. ಸಂಬಳ ಖಾಲಿಯಾದ ತಿಂಗಳ ಕೊನೆಗೆ ಆಲೂಗಡ್ಡೆ ಮತ್ತು ಹಿಟ್ಟು ಮಾತ್ರ ಬೇಡುವ ಅಡುಗೆ. ನಮ್ಮ ಮನೆಯಲ್ಲೂ ಮಗಳು 29 ಬಂದರೆ ನೆನಪಿಸುತ್ತಾಳೆ, ತಟ್ಟೆಯ ಕೆಳಗೆ ಹತ್ತು ರೂಪಾಯಿ ನಾಣ್ಯ ಇಡುವುದು ಅವಳದೇ ಕೆಲಸ.

ಉಳಿದರೆ

ಬೆಂದದ್ದು ಉಳಿದರೆ ಮರುದಿನ ಕಾವಲಿಯಲ್ಲಿ ಸ್ವಲ್ಪ ಬೆಣ್ಣೆ ಹಾಕಿ ಎರಡೂ ಬದಿ ಕೆಂಪಗೆ ಹುರಿಯಿರಿ, ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಹಸಿಯದನ್ನು ಮಾತ್ರ ರಾತ್ರಿಯಿಡೀ ಫ್ರಿಜ್‌ನ ಕೆಳಗಿನ ಭಾಗದಲ್ಲಿ ಇಡಬೇಡಿ, ಬೆಳಿಗ್ಗೆ ಬಣ್ಣ ಕಪ್ಪಗಾಗಿ ಕೆಳಗೆಲ್ಲ ಒದ್ದೆ. ಇಡಲೇಬೇಕು ಅಂದರೆ ರವೆ ಹಾಕಿದ ತಟ್ಟೆಯಲ್ಲಿ ಒಂದೇ ಪದರ ಹರಡಿ ಫ್ರೀಜರ್‌ನಲ್ಲಿ ಎರಡು ಗಂಟೆ ಬಿಟ್ಟು, ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬಿ. ಒಂದು ತಿಂಗಳು ಚೆನ್ನಾಗಿರುತ್ತದೆ. ಬೇಯಿಸುವಾಗ ಹೊರಗಿಟ್ಟು ಕರಗಲು ಬಿಡಬೇಡಿ, ಕರಗಿದರೆ ನೀರು ಬಿಟ್ಟು ಮತ್ತೆ ಮುದ್ದೆಯಾಗುತ್ತದೆ. ಫ್ರೀಜರ್‌ನಿಂದ ತೆಗೆದದ್ದನ್ನು ಹಾಗೇ ಕುದಿಯುವ ನೀರಿಗೆ ಬಿಡಿ, ಒಂದು ಸಲಕ್ಕೆ ಹದಿನೈದು ಮಾತ್ರ.